ಹರಳು ಇದೆ ಎಂದರು, ಮುಂದೇನು?

ಬೆಟಗೇರಿಯ ನನ್ನ ದವಾಖಾನೆಗೆ ಬರುವ ಕೆಲವರು ಕುರ್ಚಿಯಲ್ಲಿ ಕೂರುವ ಮೊದಲೇ ಕೈಚೀಲದಿಂದ ಸ್ಕ್ಯಾನಿಂಗ್ ರಿಪೋರ್ಟ್ ತೆಗೆದು ಮೇಜಿನ ಮೇಲೆ ಇಡುತ್ತಾರೆ. "ಹಕೀಮ್ ಸಾಬ್ರ, ಕಿಡ್ನ್ಯಾಗ ಹಳ್ಳ ಅದಾವಂತ್ರೀ. ಆಪರೇಶನ್ ಮಾಡ್ಸೂದು ಆಗಂಗಿಲ್ಲ. ಕರಗೋ ಹಂಗ ಏನರ ದವಾ ಕೊಡ್ರಿ" ಎನ್ನುತ್ತಾರೆ. ಹೆಣ್ಣುಮಕ್ಕಳು "ಡಾಕ್ಟರ್ ಪಥರಿ ಹೈ ಬೋಲೇ" ಎಂದು ಮೆಲ್ಲಗೆ ಹೇಳಿ ಗಂಡನ ಮುಖ ನೋಡುತ್ತಾರೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿಂದ ಬಂದವರದೂ ಇದೇ ಮಾತು. ಹಳ್ಳು ಎನ್ನಿ, ಹರಳು ಎನ್ನಿ, ಪಥರಿ ಎನ್ನಿ, ಭಯ ಒಂದೇ: ಕತ್ತರಿ ಹಾಕಿಸಬೇಕಾದೀತು, ಸಾಲ ಮಾಡಬೇಕಾದೀತು.

ನಾನು ಯುನಾನಿ ಪದವೀಧರ. ನನ್ನ ಮನೆ ನಡೆಯುವುದು ಯುನಾನಿ ಔಷಧಿಯಿಂದಲೇ. ಆದ್ದರಿಂದ ಯಾವ ಹರಳಿಗೆ ನನ್ನ ಔಷಧಿ ಸಾಲದು ಎಂಬುದನ್ನು ನಾನೇ ಮೊದಲು ಹೇಳಬೇಕಾಗಿದೆ. ಹಾಗೆ ಹೇಳಲು ಒಂದು ಕಾರಣವೂ ಇದೆ.

ಕೆಲವು ವರ್ಷಗಳ ಹಿಂದೆ ಶಿರಹಟ್ಟಿ ಕಡೆಯ ಒಬ್ಬ ಗೌಂಡಿ ಬಂದಿದ್ದರು. ಎಡಗಡೆ ಮೂತ್ರನಾಳದ ಮೇಲ್ಭಾಗದಲ್ಲಿ 8 ಮಿ.ಮೀ. ಹರಳು, ಕಿಡ್ನಿ ಸ್ವಲ್ಪ ಊದಿದೆ ಎಂದು ರಿಪೋರ್ಟ್‌ನಲ್ಲಿತ್ತು. ನಾನು ಔಷಧಿ ಕೊಟ್ಟೆ. ಮೂರು ವಾರಕ್ಕೆ ನೋವು ನಿಂತಿತು. "ನೋವು ಹೋತ್ರಿ, ಹಳ್ಳ ಬಿದ್ದಂಗ ಕಾಣ್ತದ" ಎಂದು ಖುಷಿಯಿಂದ ಬಂದು ಹೇಳಿದರು. ಬಿದ್ದದ್ದನ್ನು ಕಣ್ಣಾರೆ ಕಂಡಿರಾ ಎಂದು ಕೇಳಿದೆ, ಇಲ್ಲ ಎಂದರು. ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ ಎಂದೆ. ದಿನಗೂಲಿ ಬಿಟ್ಟು ಹೋಗಬೇಕು, ಮತ್ತೆ ದುಡ್ಡು ಎಂದರು. ನಾನು ಒತ್ತಾಯ ಮಾಡಲಿಲ್ಲ. ಇನ್ನೂ ನಾಲ್ಕು ತಿಂಗಳು ನನ್ನ ಶರ್ಬತ್ತು ಕುಡಿದರು. ಮುಂದೆ ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಆದಾಗ ಹರಳು ಇದ್ದ ಜಾಗದಲ್ಲೇ ಇತ್ತು. ಅದರ ಮೇಲಿನ ಕಿಡ್ನಿ ತೆಳ್ಳಗಾಗಿ ಕೆಲಸ ನಿಲ್ಲಿಸಿತ್ತು. ಆ ತಪ್ಪಿನಲ್ಲಿ ಅವರ ಪಾಲಿಗಿಂತ ನನ್ನ ಪಾಲು ದೊಡ್ಡದು. ಅವರು ಇಂದಿಗೂ ಒಂದೇ ಕಿಡ್ನಿಯ ಮೇಲೆ ದುಡಿಯುತ್ತಿದ್ದಾರೆ.

ನೋವು ಯಾಕೆ ನಿಂತಿತು? ಹರಳು ನಾಳವನ್ನು ಕಟ್ಟಿದಾಗ ಮೇಲೆ ಮೂತ್ರ ತುಂಬಿ ಒತ್ತಡ ಏರುತ್ತದೆ. ಆ ಹಿಗ್ಗುವಿಕೆಯೇ ನೋವು. ಕಟ್ಟು ಹಾಗೇ ಉಳಿದರೆ ದಿನ ಕಳೆದಂತೆ ಕಿಡ್ನಿ ಮೂತ್ರ ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ. ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ. ಮನೆಯವರು "ಅಲ್‌ಹಮ್ದುಲಿಲ್ಲಾಹ್, ಆರಾಮಾಯಿತು" ಎನ್ನುವ ಹೊತ್ತಿಗೆ ಒಳಗೆ ಕಿಡ್ನಿ ಸೋಲುತ್ತಿರಬಹುದು. ಅದಕ್ಕೇ ಈಗ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ: ಹರಳು ಹೋಯಿತು ಎಂದು ತೀರ್ಪು ಕೊಡಬೇಕಾದದ್ದು ಸ್ಕ್ಯಾನು, ಇಲ್ಲವೇ ನಿಮ್ಮ ಕೈಗೆ ಸಿಕ್ಕ ಹರಳು. ನೋವಿನ ಮಾತು ಸಾಕ್ಷಿಯಲ್ಲ.

ರಿಪೋರ್ಟ್ ಓದುವುದು ಹೇಗೆ

ಚಿಕಿತ್ಸೆ ಯಾವುದು ಎಂಬುದನ್ನು ನಾಲ್ಕು ಸಂಗತಿಗಳು ನಿರ್ಧರಿಸುತ್ತವೆ: ಹರಳು ಎಷ್ಟು ದೊಡ್ಡದು, ಎಲ್ಲಿದೆ, ದಾರಿ ಕಟ್ಟಿದೆಯೇ, ಸೋಂಕು ಇದೆಯೇ. ಕಿಡ್ನಿಗಳ ಸ್ಥಿತಿ ಹೇಗಿದೆ ಎಂಬುದು ಈ ನಾಲ್ಕರ ಬೆನ್ನಿಗೇ ಇರುತ್ತದೆ. ನಿಮ್ಮ ರಿಪೋರ್ಟ್ ಇಂಗ್ಲಿಷಿನಲ್ಲಿದ್ದರೂ ಮನೆಯಲ್ಲಿ ಕಾಲೇಜು ಓದುವ ಮಗಳೋ ಮಗನೋ ಇದ್ದರೆ ಓದಿಸಿಕೊಳ್ಳಿ. "ಕ್ಯಾಲಿಕ್ಸ್" ಎಂದಿದ್ದರೆ ಹರಳು ಕಿಡ್ನಿಯ ಒಳಗಿನ ಬಟ್ಟಲಿನಲ್ಲಿದೆ. "ಲೋವರ್" ಎಂಬ ಪದ ಜೊತೆಗಿದ್ದರೆ ಕೆಳಗಿನ ಬಟ್ಟಲು. ಅಲ್ಲಿಂದ ಹರಳು ಮೇಲೇರಿ ಹೊರಬರುವುದು ಕಷ್ಟ. "ಯುರೆಟರ್" ಎಂದರೆ ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ಸಣ್ಣ ನಾಳ. "ವಿಯುಜೆ" ಎಂದರೆ ನಾಳ ಚೀಲವನ್ನು ಸೇರುವ ಕೊನೆಯ ಇಕ್ಕಟ್ಟು. ಅಲ್ಲಿಗೆ ಬಂದ ಸಣ್ಣ ಹರಳು ಅರ್ಧ ಗೆದ್ದಂತೆಯೇ. ಉರಿಮೂತ್ರ, ಪದೇ ಪದೇ ಹೋಗಬೇಕೆನ್ನಿಸುವುದು ಈ ಜಾಗದ ಲಕ್ಷಣ. "ಹೈಡ್ರೋನೆಫ್ರೋಸಿಸ್" ಎಂಬ ಪದ ಕಂಡರೆ ದಾರಿ ಕಟ್ಟಿ ಕಿಡ್ನಿ ಊದಿದೆ ಎಂದು ತಿಳಿಯಿರಿ. "ಮೈಲ್ಡ್" ಎಂದಿದ್ದರೂ ಅದನ್ನು ಮರೆಯುವಂತಿಲ್ಲ.

ಅಲ್ಟ್ರಾಸೌಂಡ್ ಸ್ಕ್ಯಾನು ಅಗ್ಗ, ಬಸುರಿಯರಿಗೂ ಸುರಕ್ಷಿತ. ಆದರೆ ನಾಳದ ನಡುವೆ ಸಿಕ್ಕ ಸಣ್ಣ ಹರಳು ಅದರ ಕಣ್ಣಿಗೆ ತಪ್ಪಬಹುದು, ಅಳತೆಯಲ್ಲೂ ಒಂದೆರಡು ಮಿ.ಮೀ. ಹೆಚ್ಚುಕಮ್ಮಿ ಆಗುತ್ತದೆ. ಅನುಮಾನ ಉಳಿದರೆ ಸಿ.ಟಿ. ಸ್ಕ್ಯಾನು ಬೇಕಾಗುತ್ತದೆ. ಯೂರಿಕ್ ಆಸಿಡ್ ಹರಳು ಸಾದಾ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಸ್ಕ್ಯಾನಿನ ಜೊತೆ ಮೂತ್ರ ಪರೀಕ್ಷೆ, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಈ ಎರಡಿಲ್ಲದೆ ನಾನು ಈಗ ಔಷಧಿ ಬರೆಯುವುದಿಲ್ಲ.

ಯಾವಾಗ ಅದೇ ರಾತ್ರಿ ಹೊರಡಬೇಕು

ಹರಳಿನ ನೋವಿನ ಜೊತೆ ಚಳಿಜ್ವರ ಬಂದರೆ ಕಟ್ಟಿದ ಕಿಡ್ನಿಯಲ್ಲಿ ಸೋಂಕು ಆಗಿರಬಹುದು. ಅದು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಿ ಜೀವ ತೆಗೆಯಬಲ್ಲದು. ಮುಂಜಾನೆ ನೋಡೋಣ ಎನ್ನಬೇಡಿ. ಮೂತ್ರ ಪೂರ್ತಿ ನಿಂತರೆ, ವಾಂತಿಯಿಂದ ನೀರೂ ಒಳಗೆ ನಿಲ್ಲದಿದ್ದರೆ, ಒಂದೇ ಕಿಡ್ನಿ ಇರುವವರಿಗೆ ಅಥವಾ ಮೊದಲೇ ಕಿಡ್ನಿ ಕಾಯಿಲೆ ಇರುವವರಿಗೆ ನೋವು ಬಂದರೆ, ಬಸುರಿಗೆ ಬಂದರೆ, ಸಕ್ಕರೆ ಕಾಯಿಲೆಯವರಿಗೆ ಜ್ವರದ ಸೂಚನೆ ಇದ್ದರೆ ಹಕೀಮನ ಹತ್ತಿರವೂ ಬರಬೇಡಿ, ಮೆಡಿಕಲ್ ಶಾಪಿಗೂ ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿ ಹತ್ತಿ. ಶಿರಹಟ್ಟಿ, ಮುಂಡರಗಿಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಗದಗಿನಲ್ಲಿ ಮಲ್ಲಸಮುದ್ರದ ಜಿಮ್ಸ್ ಇದೆ.

ಇಂಥ ಸ್ಥಿತಿಯಲ್ಲಿ ಆಸ್ಪತ್ರೆಯವರು ಮೊದಲು ಹರಳನ್ನು ತೆಗೆಯುವುದಿಲ್ಲ. ನಾಳದೊಳಗೆ ಸಣ್ಣ ಕೊಳವೆ ಇಟ್ಟೋ, ಬೆನ್ನಿನಿಂದ ಕಿಡ್ನಿಗೆ ನಳಿಕೆ ಹಾಕಿಯೋ ಕಟ್ಟಿದ ಮೂತ್ರವನ್ನು ಹೊರಬಿಡುತ್ತಾರೆ. ಹರಳನ್ನು ಸೋಂಕು ಇಳಿದ ಮೇಲೆ ತೆಗೆಯುತ್ತಾರೆ. "ದುಡ್ಡು ತಗೊಂಡ್ರು, ಬರೇ ಪೈಪ್ ಹಾಕಿ ಕಳಿಸಿದ್ರು, ಹಳ್ಳ ತಗೀಲೇ ಇಲ್ಲ" ಎಂದು ಸಿಟ್ಟಾಗಿ ಬಂದವರನ್ನು ನಾನು ನೋಡಿದ್ದೇನೆ. ಸೋಂಕು ಇರುವಾಗ ಹರಳಿಗೆ ಕೈ ಹಾಕಿದರೆ ಆ ಸೋಂಕು ರಕ್ತಕ್ಕೆ ನುಗ್ಗುತ್ತದೆ. ಪೈಪ್ ಹಾಕಿ ಕಳಿಸಿದ ವೈದ್ಯರು ಅವರ ಜೀವ ಉಳಿಸಿದ್ದರು.

ಕಾಯುವುದೂ ಒಂದು ಚಿಕಿತ್ಸೆ

ನಾಳಕ್ಕೆ ಇಳಿದ 5 ಮಿ.ಮೀ. ಒಳಗಿನ ಹರಳುಗಳಲ್ಲಿ ಮೂರರಲ್ಲಿ ಎರಡರಷ್ಟು ತಾವಾಗಿಯೇ ಬೀಳುತ್ತವೆ. 5ರಿಂದ 10 ಮಿ.ಮೀ. ನಡುವಿನವು ಸುಮಾರು ಅರ್ಧದಷ್ಟು. 2 ಮಿ.ಮೀ. ಹರಳು ಬೀಳಲು ಸರಾಸರಿ ಒಂದು ವಾರದ ಮೇಲೆ ಹಿಡಿದರೆ, 4ರಿಂದ 6 ಮಿ.ಮೀ. ಹರಳಿಗೆ ಮೂರು ವಾರ ಬೇಕಾಗಬಹುದು. ಈ ಲೆಕ್ಕ ಗೊತ್ತಿದ್ದರೆ ಜಾಹೀರಾತುಗಳ ಗುಟ್ಟೂ ತಿಳಿಯುತ್ತದೆ. "15 ದಿನದಲ್ಲಿ ಹರಳು ಮಾಯ" ಎಂದು ಗೋಡೆಗೆ ಬರೆಸಿದ ಔಷಧಿಯನ್ನು 4 ಮಿ.ಮೀ. ಹರಳಿನ ಮೂವರಿಗೆ ಕೊಟ್ಟರೆ ಇಬ್ಬರಿಗೆ ಏನೂ ಕೊಡದಿದ್ದರೂ ಬೀಳುತ್ತಿತ್ತು. ಆ ಇಬ್ಬರು ಊರೆಲ್ಲ ಹೇಳುತ್ತಾರೆ. ಮೂರನೆಯವನು ಹುಬ್ಬಳ್ಳಿಗೆ ಹೋಗಿ ಆಪರೇಶನ್ ಮಾಡಿಸಿಕೊಂಡು ಸುಮ್ಮನಿರುತ್ತಾನೆ.

ನೋವು ತಡೆಯುವಷ್ಟಿದ್ದು, ಜ್ವರ ಇಲ್ಲದೆ, ಕಿಡ್ನಿ ಚೆನ್ನಾಗಿದ್ದರೆ ನಾಳದ 10 ಮಿ.ಮೀ. ಒಳಗಿನ ಹರಳಿಗೆ ನಾಲ್ಕರಿಂದ ಆರು ವಾರ ಕಾಯಬಹುದು. ಅದಕ್ಕಿಂತ ಹೆಚ್ಚು ಬೇಡ. ನಾಳದ ಕೆಳಭಾಗದ 5ರಿಂದ 10 ಮಿ.ಮೀ. ಹರಳಿಗೆ ಯುರಾಲಜಿಸ್ಟರು ಟ್ಯಾಮ್‌ಸುಲೋಸಿನ್ ಎಂಬ ಮಾತ್ರೆ ಕೊಡುತ್ತಾರೆ. ಅದು ನಾಳದ ಸ್ನಾಯುವನ್ನು ಸಡಿಲ ಮಾಡಿ ದಾರಿ ಕೊಡುತ್ತದೆ. ಕೆಲವರಿಗೆ ಎದ್ದು ನಿಂತಾಗ ತಲೆಸುತ್ತು ಬರುವುದರಿಂದ ರಾತ್ರಿ ತೆಗೆದುಕೊಳ್ಳುವುದು ಒಳ್ಳೆಯದು.

ನೋವಿಗೆ ಡೈಕ್ಲೋಫಿನಾಕ್ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ಪ್ರತಿ ಸಲ ನೋವು ಬಂದಾಗ ಊರಿನ ಯಾರಿಂದಲೋ ಸೂಜಿ ಹಾಕಿಸಿಕೊಂಡು ಕೆಲಸಕ್ಕೆ ಹೋಗುವ ಹಮಾಲರು, ಡ್ರೈವರುಗಳು ನಮ್ಮಲ್ಲಿ ಬಹಳ. ಕ್ರಿಯಾಟಿನಿನ್ ಏರಿದವರಿಗೆ ಅದೇ ಸೂಜಿ ಕಿಡ್ನಿಗೆ ಇನ್ನೊಂದು ಪೆಟ್ಟು. ನೋವಿನ ಹೊತ್ತಿನಲ್ಲಿ ಎರಡು ಮೂರು ಲೀಟರ್ ನೀರು ಒಮ್ಮೆಲೇ ಕುಡಿಸುವುದೂ ಬೇಡ. ಕಟ್ಟಿದ ಕಾಲುವೆಗೆ ಇನ್ನಷ್ಟು ನೀರು ಬಿಟ್ಟಂತೆ ಅದು; ನೋವು ಹೆಚ್ಚುತ್ತದೆ, ಹರಳು ಬೇಗ ಬೀಳುವುದಿಲ್ಲ. ಬಿಸಿನೀರಿನ ಚೀಲದ ಕಾವು ಕೊಡಿ. ನಮ್ಮ ಯುನಾನಿಯ ಆಬ್ಜನ್, ಅಂದರೆ ಸೊಂಟದವರೆಗೆ ಬೆಚ್ಚನೆಯ ನೀರಿನಲ್ಲಿ ಕೂರಿಸುವುದು, ಈ ಹೊತ್ತಿಗೆ ಬಹಳ ಹಿತ.

ಬಿಯರ್ ಕುಡಿದರೆ ಹರಳು ಬೀಳುತ್ತದಂತೆ, ಔಷಧಿ ಎಂದು ಕುಡಿಯಬಹುದೇ ಎಂದು ಒಬ್ಬ ಹುಡುಗ ನನ್ನನ್ನು ತಲೆ ತಗ್ಗಿಸಿ ಕೇಳಿದ. ಅದು ಔಷಧಿಯೇ ಅಲ್ಲ. ಸ್ವಲ್ಪ ಹೊತ್ತು ಮೂತ್ರ ಹೆಚ್ಚುತ್ತದೆ, ಆಮೇಲೆ ಮೈ ಒಣಗುತ್ತದೆ, ಯೂರಿಕ್ ಆಸಿಡ್ ಏರುತ್ತದೆ. ಹರಾಮ್ ಎಂಬ ಮಾತನ್ನು ಬದಿಗಿಟ್ಟು ವೈದ್ಯನಾಗಿ ಮಾತ್ರ ಉತ್ತರ ಹೇಳಿದರೂ ಬೇಡ ಎಂದೇ ಹೇಳಬೇಕು.

ಯುನಾನಿ ಔಷಧಿ ಎಲ್ಲಿಯವರೆಗೆ

ಯುನಾನಿಯಲ್ಲಿ ಹರಳಿನ ಔಷಧಿಗಳು ಎರಡು ಬಗೆ. ಮೂತ್ರ ಹೆಚ್ಚಿಸುವವು ಒಂದು, ಅವನ್ನು ಮುದಿರ್-ಎ-ಬೌಲ್ ಎನ್ನುತ್ತೇವೆ. ಹರಳನ್ನು ಪುಡಿಮಾಡುತ್ತವೆ ಎಂದು ಹಿಂದಿನವರು ಹೇಳಿದವು ಇನ್ನೊಂದು, ಮುಫತ್ತಿತ್-ಎ-ಹಸಾತ್. ಶರ್ಬತ್ ಬಜೂರಿ ಮೊದಲ ಬಗೆ. ಖಾರ್-ಎ-ಖಸಕ್ ಎಂಬುದು ನಮ್ಮ ಹೊಲದ ಬದುವಿನ ನೆಗ್ಗಿಲ ಮುಳ್ಳೇ. ಹಜರುಲ್ ಯಹೂದ್ ಎಂಬುದು ಕಡಲ ಪ್ರಾಣಿಯೊಂದರ ಕಲ್ಲಾದ ಮುಳ್ಳು. ಹುರುಳಿ ಕಟ್ಟು ನಮ್ಮ ಮನೆಗಳಲ್ಲಿ ಅಡುಗೆಯೂ ಹೌದು, ಔಷಧಿಯೂ ಹೌದು.

ಇಪ್ಪತ್ತು ವರ್ಷಗಳ ಅನುಭವದಲ್ಲಿ ನಾನು ಕಂಡದ್ದನ್ನು ನೇರವಾಗಿ ಹೇಳುತ್ತೇನೆ. ಸಣ್ಣ ಹರಳು, ಮರಳಿನಂಥ ಕಣಗಳು, ಉರಿಮೂತ್ರ, ಹರಳು ಪುಡಿಮಾಡಿಸಿಕೊಂಡ ಮೇಲೆ ಉಳಿದ ಚೂರುಗಳು, ಇಂಥಲ್ಲಿ ಈ ಔಷಧಿಗಳು ಹಿತ ಕೊಡುತ್ತವೆ. ಆದರೆ ಇವುಗಳ ಮೇಲೆ ದೊಡ್ಡ ಪ್ರಮಾಣದ ಪರೀಕ್ಷೆಗಳು ಕಡಿಮೆ. 15 ಮಿ.ಮೀ. ಹರಳನ್ನು ಇವು ಕರಗಿಸಿದ್ದನ್ನು ನಾನು ಸ್ಕ್ಯಾನಿನಲ್ಲಿ ಒಮ್ಮೆಯೂ ಕಂಡಿಲ್ಲ. ದಾರಿ ಕಟ್ಟಿರುವಾಗ ಮೂತ್ರ ಹೆಚ್ಚಿಸುವ ಔಷಧಿ ಕೊಡುವುದು ತಪ್ಪು. ಮಾತ್ರೆಯಿಂದ ನಿಜವಾಗಿ ಕರಗುವ ಹರಳು ಒಂದಿದೆ, ಯೂರಿಕ್ ಆಸಿಡ್ ಹರಳು. ಪೊಟ್ಯಾಶಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಹುಳಿತನ ಇಳಿಸಿದರೆ ಅದು ಕರಗುತ್ತದೆ. ಆ ಔಷಧಿಯನ್ನು ರಕ್ತದ ಪೊಟ್ಯಾಶಿಯಂ ನೋಡಿಕೊಂಡೇ ಕೊಡಬೇಕು. ನಮ್ಮವರಲ್ಲಿ ಹೆಚ್ಚು ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಹೀಗೆ ಕರಗುವುದಿಲ್ಲ.

ಸಂತೆಯಲ್ಲಿ, ಉರುಸಿನ ಜಾತ್ರೆಯಲ್ಲಿ ಚಾಪೆ ಹಾಸಿ ಕೂತವರಿಂದ ಲೇಬಲ್ ಇಲ್ಲದ ಕುಶ್ತಾ, ಭಸ್ಮ ಕೊಳ್ಳಬೇಡಿ. ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ, ಕೆಟ್ಟರೆ ಮೊದಲು ಕೆಡುವುದು ಕಿಡ್ನಿಯೇ. ಕಪ್ಪತಗುಡ್ಡದ ಕಲ್ಲು ಒಡೆಯುವ ಬೇರು ಎಂದು ಕಟ್ಟು ಕಟ್ಟಿ ತರುವವರೂ ಇದ್ದಾರೆ. ಕಪ್ಪತಗುಡ್ಡ ಔಷಧಿ ಗಿಡಗಳ ಖಜಾನೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪಾಷಾಣಭೇದಿ ಎಂಬ ಹೆಸರಿನ ಮೂಲ ಗಿಡ ಹಿಮಾಲಯದ್ದು. ನಮ್ಮ ಕಡೆ ಅದೇ ಹೆಸರಿನಲ್ಲಿ ಬೇರೆ ಬೇರೆ ಗಿಡಗಳು ಮಾರಾಟವಾಗುತ್ತವೆ. ಬೇರು ಯಾವುದು ಎಂದು ಖಾತ್ರಿ ಇಲ್ಲದೆ ಕುದಿಸಿ ಕುಡಿಯುವುದು ಬೇಡ.

ಆಪರೇಶನ್ ಎಂದರೆ ನಮ್ಮ ಪದ್ಧತಿಗೆ ಸೋಲು ಎಂದು ತಿಳಿದವರಿಗೆ ಒಂದು ಮಾತು. ಹತ್ತನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ಅಲ್-ರಾಝಿ ಕಿಡ್ನಿ ಮತ್ತು ಮೂತ್ರಚೀಲದ ಹರಳುಗಳ ಮೇಲೆಯೇ ಒಂದು ಪ್ರತ್ಯೇಕ ಗ್ರಂಥ ಬರೆದರು. ಸ್ಪೇನಿನ ಕಾರ್ಡೋಬಾ ಬಳಿಯ ಅಲ್-ಝಹ್ರಾವಿ ತಮ್ಮ 'ಅಲ್-ತಸ್ರೀಫ್' ಗ್ರಂಥದ ಕೊನೆಯ ಭಾಗವನ್ನು ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲಿಟ್ಟರು. ಮೂತ್ರಚೀಲದ ಹರಳನ್ನು ಕೊಯ್ದು ತೆಗೆಯುವ ಕ್ರಮವನ್ನೂ, ಮೂತ್ರದ್ವಾರದ ದಾರಿಯಲ್ಲಿ ಸಿಕ್ಕ ಹರಳನ್ನು ಒಳಗೇ ಕೊರೆದು ಒಡೆಯುವ ಮಿಶ್‌ಅಬ್ ಎಂಬ ಸಣ್ಣ ಬೈರಿಗೆಯನ್ನೂ ಅದರಲ್ಲಿ ವಿವರಿಸಿದ್ದಾರೆ. ಇಂದು ಲೇಸರ್ ತೂರಿಸಿ ಹರಳು ಒಡೆಯುವ ಯುರಾಲಜಿಸ್ಟನ ಕೆಲಸ ನೋಡಿದಾಗ ನನಗೆ ಆ ಬೈರಿಗೆ ನೆನಪಾಗುತ್ತದೆ.

ಒಡೆಯುವ ಮೂರು ದಾರಿಗಳು

ಹೊಟ್ಟೆ ಸೀಳಿ ಹರಳು ತೆಗೆಯುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ಈಗ ಇರುವವು ಮುಖ್ಯವಾಗಿ ಮೂರು.

ಮೊದಲನೆಯದು ಹೊರಗಿನಿಂದ ಆಘಾತ ತರಂಗ ಕಳಿಸಿ ಹರಳು ಪುಡಿಮಾಡುವುದು. ಜನರ ಬಾಯಲ್ಲಿ ಲಿಥೋಟ್ರಿಪ್ಸಿ, ಕಾಗದದಲ್ಲಿ ಇಎಸ್‌ಡಬ್ಲ್ಯೂಎಲ್. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಮಾಡಿದರು. ಕೊಯ್ಯುವುದಿಲ್ಲ, ಹೆಚ್ಚಾಗಿ ಅದೇ ದಿನ ಮನೆಗೆ ಬರಬಹುದು. ಕಿಡ್ನಿಯಲ್ಲಿರುವ 20 ಮಿ.ಮೀ. ಒಳಗಿನ ಹರಳಿಗೆ, ಮೇಲ್ನಾಳದ ಸಣ್ಣ ಹರಳಿಗೆ ಒಪ್ಪುತ್ತದೆ. ಹರಳು ಗಟ್ಟಿಯಿದ್ದರೆ ಎರಡು ಮೂರು ಸಲ ಹೋಗಬೇಕಾಗುತ್ತದೆ. ಕೆಳಗಿನ ಬಟ್ಟಲಿನ 10 ಮಿ.ಮೀ. ಮೀರಿದ ಹರಳಿಗೆ ಇದು ಅಷ್ಟು ಒಳ್ಳೆಯದಲ್ಲ, ಒಡೆದರೂ ಚೂರು ಅಲ್ಲೇ ಕೂರುತ್ತದೆ. ಬಸುರಿಯರಿಗೆ ಮಾಡುವಂತಿಲ್ಲ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು. ಒಡೆದ ಚೂರುಗಳು ಬೀಳುವಾಗ ಮತ್ತೆ ನೋವು ಬರಬಹುದು ಎಂಬುದನ್ನು ತಿಳಿದೇ ಹೋಗಿ.

ಎರಡನೆಯದು ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ ಲೇಸರಿನಿಂದ ಒಡೆಯುವುದು. ನಾಳದ ಹರಳಿಗೆ ಯುಆರ್‌ಎಸ್. ಬಾಗುವ ದುರ್ಬೀನಿನಿಂದ ಕಿಡ್ನಿಯೊಳಗೆ ಹೋದರೆ ಆರ್‌ಐಆರ್‌ಎಸ್. ಇದರಲ್ಲೂ ಗಾಯವಿಲ್ಲ, ಅರಿವಳಿಕೆ ಬೇಕು. ಒಂದೇ ಸಲಕ್ಕೆ ಹರಳು ಪೂರ್ತಿ ಹೋಗುವ ಸಾಧ್ಯತೆ ಲಿಥೋಟ್ರಿಪ್ಸಿಗಿಂತ ಹೆಚ್ಚು. ಕೆಳನಾಳದ ಹರಳು ಬೀಳದೆ ಸತಾಯಿಸುತ್ತಿದ್ದರೆ ನಾನು ಇದನ್ನೇ ಮಾಡಿಸಿ ಎನ್ನುತ್ತೇನೆ.

ಮೂರನೆಯದು ಪಿಸಿಎನ್‌ಎಲ್. ಬೆನ್ನಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ರಂಧ್ರ ಮಾಡಿ ನೇರ ಕಿಡ್ನಿಗೆ ಇಳಿದು ಹರಳು ಒಡೆದು ತೆಗೆಯುತ್ತಾರೆ. 1976ರಲ್ಲಿ ಸ್ವೀಡನ್ನಿನ ವೈದ್ಯರು ಇದನ್ನು ಶುರುಮಾಡಿದರು. 20 ಮಿ.ಮೀ. ಮೀರಿದ ಹರಳಿಗೆ, ಜಿಂಕೆಯ ಕೊಂಬಿನಂತೆ ಕಿಡ್ನಿ ತುಂಬ ಬೆಳೆದ ಹರಳಿಗೆ ಇದೇ ದಾರಿ. ಕೆಲವು ದಿನ ಆಸ್ಪತ್ರೆಯಲ್ಲಿ ಇರಬೇಕು. ರಕ್ತಸ್ರಾವದ ಅಪಾಯ ಉಳಿದೆರಡಕ್ಕಿಂತ ಹೆಚ್ಚು. ಕೊಂಬಿನ ಹರಳನ್ನು ನೋವಿಲ್ಲ ಎಂದು ಬಿಟ್ಟವರ ಕಿಡ್ನಿ ನಿಧಾನಕ್ಕೆ ಹಾಳಾಗುತ್ತದೆ, ಅದಕ್ಕೆ ಶರ್ಬತ್ತು ಕುಡಿಯುತ್ತ ಕೂರಬೇಡಿ.

ಇನ್ನು ಕಿಡ್ನಿಯ ಬಟ್ಟಲಿನಲ್ಲಿ 4-5 ಮಿ.ಮೀ. ಹರಳು ಸುಮ್ಮನೆ ಕೂತಿದ್ದು, ನೋವೂ ಇಲ್ಲ, ಸೋಂಕೂ ಇಲ್ಲ ಎಂದರೆ ಅವಸರದಿಂದ ಒಡೆಸಬೇಕಾಗಿಲ್ಲ. ವರ್ಷಕ್ಕೊಮ್ಮೆ ಸ್ಕ್ಯಾನ್ ಸಾಕು. "ನಾಳೆಯೇ ಆಪರೇಶನ್ ಆಗಬೇಕು" ಎಂದು ಯಾರಾದರೂ ಹೆದರಿಸಿದರೆ ಇನ್ನೊಬ್ಬ ಯುರಾಲಜಿಸ್ಟರ ಅಭಿಪ್ರಾಯ ಕೇಳಿ, ಅದು ನಿಮ್ಮ ಹಕ್ಕು.

ಒಳಗಿಟ್ಟ ಕೊಳವೆಯನ್ನು ಮರೆಯಬೇಡಿ

ಆಪರೇಶನ್ ಆದ ಮೇಲೆ ನಾಳದಲ್ಲಿ ಡಿಜೆ ಸ್ಟೆಂಟ್ ಎಂಬ ಮೆತ್ತನೆಯ ಕೊಳವೆ ಇಡುವುದುಂಟು. ಅದು ಹೃದಯದ ಸ್ಟೆಂಟಿನಂತೆ ಶಾಶ್ವತವಲ್ಲ. ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತೆಗೆಸಬೇಕು. ಮುಂಡರಗಿ ಕಡೆಯ ಒಬ್ಬ ಅಜ್ಜಿ ಅದನ್ನು ಒಳಗಿಟ್ಟುಕೊಂಡೇ ಎರಡು ವರ್ಷ ಕಳೆದಿದ್ದರು. ಕೊಳವೆಯ ಸುತ್ತ ಸುಣ್ಣ ಕಟ್ಟಿ ಹೊಸ ಹರಳಾಗಿತ್ತು, ತೆಗೆಯಲು ಮೊದಲಿಗಿಂತ ದೊಡ್ಡ ಆಪರೇಶನ್ ಬೇಕಾಯಿತು. ಡಿಸ್ಚಾರ್ಜ್ ಆಗುವ ದಿನವೇ ತೆಗೆಸುವ ತಾರೀಖು ಬರೆಸಿಕೊಳ್ಳಿ, ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಎಳೆಯಿರಿ.

ಸ್ಟೆಂಟ್ ಇರುವಾಗ ಮೂತ್ರ ಹೋಗುವಾಗ ಬೆನ್ನಲ್ಲಿ ಸೆಳೆತ, ಸ್ವಲ್ಪ ರಕ್ತ, ಆಗಾಗ ಹೋಗಬೇಕೆನ್ನಿಸುವುದು ಇರುತ್ತದೆ. ಕೆಲವರಿಗೆ ಹನಿ ಸೋರುತ್ತದೆ. "ವುಝೂ ನಿಲ್ಲುವುದಿಲ್ಲ, ನಮಾಝ್ ಬಿಟ್ಟಿದ್ದೇನೆ" ಎಂದು ಒಬ್ಬ ತಾಯಿ ಕಣ್ಣೀರು ಹಾಕಿದರು. ಸೋರುವಿಕೆ ನಿಲ್ಲದವರಿಗೆ ಶರೀಅತ್ತಿನಲ್ಲಿ ರಿಯಾಯಿತಿ ಇದೆ, ಪ್ರತಿ ನಮಾಝಿನ ಸಮಯಕ್ಕೆ ಹೊಸದಾಗಿ ವುಝೂ ಮಾಡಿ ನಮಾಝ್ ಮಾಡಬಹುದು. ವಿವರವನ್ನು ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿ, ನಾಚಿಕೊಳ್ಳಬೇಡಿ.

ಖರ್ಚಿನ ಮಾತು

ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಶೇಕಡಾ ಸರಕಾರ ಕೊಡುತ್ತದೆ, ಅದರ ಮಿತಿ 1.5 ಲಕ್ಷ. ಆದರೆ ತುರ್ತಲ್ಲದ ಚಿಕಿತ್ಸೆಗೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ ಕಾರ್ಡು ನಡೆಯದೆ ಹೋಗಬಹುದು. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಇರುತ್ತಾರೆ, ಅವರನ್ನು ಕೇಳಿ. ಹುಬ್ಬಳ್ಳಿಗೆ ಹೋಗುವವರು ಹೊರಡುವ ಮೊದಲೇ ರೇಷನ್ ಕಾರ್ಡು, ಆಧಾರ್, ಹಳೆಯ ಎಲ್ಲ ರಿಪೋರ್ಟು ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಖಾಸಗಿಯಲ್ಲಿ ದುಡ್ಡು ಕೊಟ್ಟು ಮಾಡಿಸುವುದಾದರೆ ಒಂದು ಪ್ರಶ್ನೆ ಮರೆಯಬೇಡಿ: ಹೇಳಿದ ಮೊತ್ತದಲ್ಲಿ ಸ್ಟೆಂಟ್ ತೆಗೆಯುವ ಖರ್ಚೂ ಸೇರಿದೆಯೇ? ಎಷ್ಟೋ ಜನ ಸ್ಟೆಂಟ್ ತೆಗೆಸದೆ ಉಳಿಯುವುದು ಆ ಎರಡನೆಯ ಬಿಲ್ಲಿಗೆ ಹೆದರಿ.

ಮತ್ತೆ ಬಾರದಿರಲು

ಒಮ್ಮೆ ಹರಳು ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷದೊಳಗೆ ಮತ್ತೆ ಬರುತ್ತದೆ. ಇದನ್ನು ತಡೆಯಲು ನೀರಿನಷ್ಟು ಅಗ್ಗದ ಔಷಧಿ ಇಲ್ಲ. ಇಟಲಿಯಲ್ಲಿ ಹರಳು ಬಂದುಹೋದವರನ್ನು ಎರಡು ಗುಂಪು ಮಾಡಿ ಐದು ವರ್ಷ ಗಮನಿಸಿದರು, ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹೆಚ್ಚು ನೀರು ಕುಡಿದ ಗುಂಪಿನಲ್ಲಿ ನೂರಕ್ಕೆ 12 ಜನರಿಗೆ ಮತ್ತೆ ಹರಳಾಯಿತು, ಉಳಿದ ಗುಂಪಿನಲ್ಲಿ 27 ಜನರಿಗೆ.

"ಬೋರಿನ ನೀರಿನಿಂದಲೇ ಹಳ್ಳು ಆಗ್ತಾವ" ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿದೆ. ಮುಂಡರಗಿ ತಾಲ್ಲೂಕಿನ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಮಸ್ಯೆ. ಹಲ್ಲು, ಮೂಳೆಯ ಸಲುವಾಗಿ ಅಲ್ಲಿ ಶುದ್ಧೀಕರಿಸಿದ ನೀರನ್ನೇ ಕುಡಿಯಬೇಕು. ಆದರೆ ಹರಳಿನ ಮಟ್ಟಿಗೆ ನೀರು ಗಡಸೋ ಮೆದುವೋ ಎಂಬುದಕ್ಕಿಂತ ಎಷ್ಟು ಕುಡಿದಿರಿ ಎಂಬುದು ದೊಡ್ಡದು. ಗಡಸು ನೀರಿಗೆ ಹೆದರಿ ದಿನಕ್ಕೆ ಮೂರು ಲೋಟ ಕುಡಿಯುವವರಿಗೇ ಹರಳಿನ ಭಯ ಹೆಚ್ಚು. ಗದಗ-ಬೆಟಗೇರಿಯಲ್ಲಿ ನಳ ಬರುವ ದಿನ ಕಾಯುವ ಮನೆಗಳಲ್ಲಿ ಕುಡಿಯುವ ನೀರಿಗೂ ಕೈ ಬಿಗಿ ಹಿಡಿಯುವುದನ್ನು ನಾನು ಬಲ್ಲೆ. ಬೇರೆ ಕಡೆ ಉಳಿಸಿ, ಕುಡಿಯುವುದರಲ್ಲಿ ಬೇಡ.

ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು, ಅಂದರೆ ಬೇಸಿಗೆಯಲ್ಲಿ ಮೂರು ಲೀಟರಿಗಿಂತ ಹೆಚ್ಚೇ ಕುಡಿಯಬೇಕಾಗುತ್ತದೆ. ಅಳತೆ ಬೇಡವೆಂದರೆ ಬಣ್ಣ ನೋಡಿ: ಮೂತ್ರ ತಿಳಿ ಹುಲ್ಲಿನ ಬಣ್ಣ ಇರಬೇಕು, ಸಾಸಿವೆ ಎಣ್ಣೆಯಂತೆ ಇರಬಾರದು. ಮಲಗುವ ಮುನ್ನ ಒಂದು ಲೋಟ, ಫಜ್ರ್‌ಗೆ ಎದ್ದಾಗ ಒಂದು ಲೋಟ ಕುಡಿಯಿರಿ, ಹರಳು ಬೆಳೆಯುವುದು ಹೆಚ್ಚಾಗಿ ರಾತ್ರಿಯ ಗಟ್ಟಿ ಮೂತ್ರದಲ್ಲಿ. ಹೃದಯದ ಕಾಯಿಲೆ, ಕಾಲು ಬಾವು, ಕಿಡ್ನಿ ವೈಫಲ್ಯ ಇರುವವರು ಮಾತ್ರ ತಮ್ಮ ವೈದ್ಯರು ಹೇಳಿದ ಅಳತೆ ಮೀರಬಾರದು.

ಗಂಡಸರೇ, ಇದನ್ನು ನೀವು ಓದಿ. ಮನೆಯ ಹೆಣ್ಣುಮಕ್ಕಳು ಮುಂಡರಗಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗುವ ದಿನ ಬೆಳಿಗ್ಗೆಯಿಂದ ನೀರು ಮುಟ್ಟುವುದಿಲ್ಲ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ, ಸಿಕ್ಕರೂ ಸ್ವಚ್ಛ ಇರುವುದಿಲ್ಲ, ನಿಲ್ಲಿಸಿ ಎಂದು ಕೇಳಲು ಸಂಕೋಚ. ಮದುವೆ ಮನೆಯಲ್ಲೂ ಅಷ್ಟೇ. ಶಾದಿಮಹಲ್ ಕಟ್ಟಿಸುವಾಗ ಹೆಂಗಸರ ಕಡೆ ಎರಡು ಶೌಚಾಲಯ ಹೆಚ್ಚು ಕಟ್ಟಿಸಿ ಎಂದು ಜಮಾಅತ್ತಿನ ಸಭೆಯಲ್ಲಿ ನಾನು ಹೇಳಿ ನಗೆಪಾಟಲಾಗಿದ್ದೇನೆ, ಮತ್ತೂ ಹೇಳುತ್ತೇನೆ. ವುಝೂ ಹೋಗುತ್ತದೆ ಎಂದು ಎರಡು ನಮಾಝಿನವರೆಗೆ ಮೂತ್ರ ತಡೆದಿಡುವವರೂ ಇದ್ದಾರೆ. ಒತ್ತಡ ತಡೆದುಕೊಂಡು ನಮಾಝಿಗೆ ನಿಲ್ಲುವುದನ್ನು ಪ್ರವಾದಿಯವರೇ (ಸ) ಬೇಡವೆಂದಿದ್ದಾರೆ.

ಊಟದಲ್ಲಿ ಮೊದಲು ಉಪ್ಪು ಇಳಿಸಿ: ಉಪ್ಪಿನಕಾಯಿ, ಹಪ್ಪಳ, ಶೇವು, ಸಂಜೆಯ ಮಿರ್ಚಿ ಭಜಿ. ಮಾಂಸ ದಿನವೂ ಬೇಡ. ಬೋಟಿ, ಕಲೇಜಿ ಯೂರಿಕ್ ಆಸಿಡ್ ಏರಿಸುತ್ತವೆ. ಬಕ್ರೀದ್ ಮುಗಿದ ವಾರ ನನ್ನ ದವಾಖಾನೆಯಲ್ಲಿ ಬೆನ್ನುನೋವಿನವರ ಸಾಲು ನೋಡಿದರೆ ನಿಮಗೇ ಅರ್ಥವಾಗುತ್ತದೆ. ಆ ಮಾಂಸದಲ್ಲಿ ಹಂಚುವ ಪಾಲನ್ನು ಹಂಚಿ, ಉಳಿದದ್ದನ್ನು ಮೂರು ಹೊತ್ತೂ ತಿನ್ನಬೇಡಿ. ಪಾಲಕ್ ಕಡಿಮೆ ಮಾಡಿ. ಟೊಮ್ಯಾಟೊ ಬಿಡಬೇಕೆಂಬುದು ತಪ್ಪು ತಿಳಿವಳಿಕೆ. ಹಾಲು, ಮೊಸರು ಬಿಡುವುದಂತೂ ದೊಡ್ಡ ತಪ್ಪು: ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ, ಅದನ್ನು ಬಿಟ್ಟರೆ ಆಕ್ಸಲೇಟ್ ಮೂತ್ರಕ್ಕೆ ಇಳಿಯುತ್ತದೆ. ಲಿಂಬೆರಸ ಒಳ್ಳೆಯದು, ಆದರೆ ಉಪ್ಪು, ಸಕ್ಕರೆ ಸುರಿಯದೆ.

ರಮಝಾನಿನ ಬಗ್ಗೆ ಪತ್ರಗಳು ಬರುತ್ತವೆ. ಹರಳು ಬಂದು ಹೋಗಿ ಈಗ ಆರಾಮಿರುವವರು ಹೆಚ್ಚಿನವರು ಉಪವಾಸ ಹಿಡಿಯಬಹುದು. ಇಫ್ತಾರಿನಿಂದ ಸಹರಿವರೆಗೆ ಎರಡೂವರೆ ಲೀಟರ್ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ, ಸಹರಿ ಬಿಡಬೇಡಿ. ನಾಳದಲ್ಲಿ ಹರಳು ಸಿಕ್ಕಿರುವವರು, ಸ್ಟೆಂಟ್ ಇರುವವರು, ಒಂದೇ ಕಿಡ್ನಿಯವರು, ಬಿಸಿಲಲ್ಲಿ ದುಡಿಯುವ ರೋಗಿಗಳು ವೈದ್ಯರನ್ನು ಕೇಳದೆ ಹಿಡಿಯಬಾರದು. ರೋಗಿಗೆ ಅಲ್ಲಾಹನು ಕೊಟ್ಟ ಅನುಮತಿ ಇರುವುದು ಇಂಥವರಿಗೇ.

ಹರಳು ಬಿದ್ದರೆ ಚಹಾ ಜರಡಿಯಂಥ ಒಂದು ಹಳೆಯ ಜರಡಿಯಲ್ಲಿ ಹಿಡಿದು, ತೊಳೆದು ಒಣಗಿಸಿ, ಸಣ್ಣ ಡಬ್ಬಿಯಲ್ಲಿ ತನ್ನಿ. ಪ್ರಯೋಗಾಲಯಕ್ಕೆ ಕಳಿಸಿದರೆ ಯಾವ ಜಾತಿಯದು ಎಂದು ತಿಳಿಯುತ್ತದೆ, ಮುಂದಿನ ಪಥ್ಯ ಅದರ ಮೇಲೆ ನಿಂತಿದೆ. ನಾನು ಹೇಳಿದ ಗೌಂಡಿಯವರು ಈಗಲೂ ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಚೀಟಿ ಹಿಡಿದು ಬರುತ್ತಾರೆ. ಕಳೆದ ಸಲ ತಮ್ಮ ಅಳಿಯನನ್ನೂ ಕರೆತಂದಿದ್ದರು, ಅವನಿಗೂ ನಾಳದಲ್ಲಿ 6 ಮಿ.ಮೀ. ಹರಳು. ನಾನು ಬಾಯಿ ತೆರೆಯುವ ಮೊದಲೇ ಅವರು ಅವನಿಗೆ ಹೇಳಿದರು: "ನೋವು ನಿಂತ್ರೂ ಸ್ಕ್ಯಾನ್ ಮಾಡ್ಸಪಾ, ಪಗಾರ ಹೋದ್ರ ಹೋಗ್ಲಿ."